ಹೆಣದ ಈಜು ಕಲಿತ ಬೇಸಿಗೆ

ಮೊನ್ನೆ ನಮ್ಮ ಕುಲಗೋಡದಲ್ಲಿ ಕುಡಿಯುವ ನೀರಿನ ಟಾಕಿ ತೊಳೆದು, ಹೊಸ ನೀರಿಗೆ ಧಾರಾಳವಾಗಿ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ನಳ ಬಿಟ್ಟ ಕೂಡಲೇ ಓಣಿಯೆಲ್ಲ ಅದೇ ವಾಸನೆ. ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು, ಗಂಡಸರು ಪಂಚಾಯ್ತಿಯವರಿಗೆ ಬೈದರು. ನಾನೊಬ್ಬ ಕೊಡದ ಬಾಯಿಗೆ ಮುಖವಿಟ್ಟು, ಕಟ್ಟಿನ ಸಾರಿನ ಮುಚ್ಚಳ ತೆಗೆದವನ ಹಾಗೆ ಮೂಗು ತುಂಬ ಎಳೆದುಕೊಂಡೆ. ಎದುರು ಮನೆಯ ಗಂಗವ್ವ ಆಯಿ ನೋಡಿ, ಈ ಹೆಣಕ್ಕೆ ಯಾವಾಗ ಬುದ್ಧಿ ಬರುತ್ತದೋ ಎಂದು ಗೊಣಗಿದಳು.

ಹೆಣ ಅಂದರೆ ನಾನೇ. ಶಾಲೆಯಲ್ಲಿ ಬಸವರಾಜ, ಮನೆಯಲ್ಲಿ ಬಸು, ಊರಿನಲ್ಲಿ ಹೆಣ. ಬೇರೆಯವರಾಗಿದ್ದರೆ ಇಂಥ ಹೆಸರಿಗೆ ಕಾಲರ್ ಹಿಡಿದು ಜಗಳ ತೆಗೆಯುತ್ತಿದ್ದರು. ನಾನು ಓಗೊಡುತ್ತೇನೆ. ಆ ಹೆಸರನ್ನು ನಾನು ಮೈಮುರಿದು ಗಳಿಸಿದ್ದೇನೆ, ಅದೂ ಅಂಗಾತ ಬಿದ್ದುಕೊಂಡು. ಯಾರು ಕೇಳಿದರೂ ವಾಪಸು ಕೊಡುವುದಿಲ್ಲ.

ಆ ಹೆಸರು ಬಿದ್ದದ್ದು ನಾನು ಪಿಯುಸಿ ಮೊದಲ ವರ್ಷ ಮುಗಿಸಿದ ಬೇಸಿಗೆಯಲ್ಲಿ. ಆ ವರ್ಷವೆಲ್ಲ ದಿನಾ ಕುಲಗೋಡದಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹೋಗುವಾಗ ಕಂಡಕ್ಟರನ ಹಾಗೆ ಮೂಗಿನಲ್ಲಿ "ಒಳಗ ಸರೀರಿ, ಒಳಗ ಜಾಗಾ ಐತಿ" ಎನ್ನುವುದು, ಬರುವಾಗ ನಮ್ಮ ಶಿವಪ್ಪ ಕಾಕಾನ ಕೆಮ್ಮು ಕೆಮ್ಮುವುದು, ನಡುವೆ ಸಮಯ ಸಿಕ್ಕರೆ ಪಾಠ ಕೇಳುವುದು. ನನ್ನ ಕಣ್ಣಿಗೆ ಬಿದ್ದ ಯಾರೂ ಉಳಿದಿರಲಿಲ್ಲ. ಗಂಗವ್ವ ಆಯಿ ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದನ್ನು ನಾನು ಮಾಡಿ ತೋರಿಸಿದರೆ ಆಯಿಯೇ ಕಣ್ಣೀರು ಬರುವಂತೆ ನಗುತ್ತಿದ್ದಳು. ಇಷ್ಟು ಜನರ ದನಿ ಹೊಟ್ಟೆಯಲ್ಲಿಟ್ಟುಕೊಂಡ ಮೇಲೆ ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ನಾನೇ ಹುಡುಕಬೇಕಾಗಿತ್ತು.

ಕಾಲೇಜಿಗೆ ಆಟದ ಮೇಡಂ ಒಬ್ಬರು ಹೊಸದಾಗಿ ಬಂದಿದ್ದರು. ಸುಧಾ ಮೇಡಂ, ಹುಕ್ಕೇರಿ ಕಡೆಯವರು, ಅರಭಾವಿಯಲ್ಲಿ ಬಾಡಿಗೆ ಮನೆ. ಅವರ ಯಾವ ಮಾತೂ "ತಿಳೀತಿಲ್ಲೋ?" ಎಂಬ ಬಾಲವಿಲ್ಲದೆ ಮುಗಿಯುತ್ತಿರಲಿಲ್ಲ. ಆ ಬಾಲದ ಜೊತೆ ಕೊರಳಿನ ಸೀಟಿಯ ದಾರವನ್ನು ಒಮ್ಮೆ ಎಳೆಯುತ್ತಿದ್ದರು. ನನ್ನಂಥವನಿಗೆ ಇದು ಬಾಗಿಲು ತೆರೆದಿಟ್ಟ ಅಂಗಡಿ. ಒಂದು ದಿನ ಮೈದಾನದ ಕಟ್ಟೆಯ ಮೇಲೆ ನಿಂತು, ಶೂ ಲೇಸನ್ನು ಕೊರಳಿಗೆ ಹಾಕಿಕೊಂಡು, ಮೇಡಂ ಆಗಿ ಪಾಠ ಶುರು ಮಾಡಿದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ನನ್ನ ಕಲೆ ನಗುವನ್ನೂ ಮೀರಿದ ಎತ್ತರಕ್ಕೆ ಹೋಗಿದೆ ಎಂದುಕೊಂಡು ಇನ್ನೂ ಜೋರಾಗಿ ಲೇಸು ಎಳೆದೆ. ಮೇಡಂ ನನ್ನ ಬೆನ್ನ ಹಿಂದೆಯೇ ನಿಂತಿದ್ದರು.

ಬೈಯಲಿಲ್ಲ. ಫೋನ್ ತೆಗೆದು ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಈಜುಗಾರ, ನೀಲಿ ನೀರಿನಲ್ಲಿ ಆಕಾಶಕ್ಕೆ ಮುಖ ಮಾಡಿ, ಒಂದಾದ ಮೇಲೊಂದು ಕೈ ತಿರುಗಿಸುತ್ತ ಬಾಣದ ಹಾಗೆ ಹೋಗುತ್ತಿದ್ದ. ಇದನ್ನು ಮಾಡು ಎಂದರು. ನಾನು ಅಲ್ಲೇ ಕಟ್ಟೆಯ ಮೇಲೆ ನಿಂತು ಮಾಡಿದೆ: ಕೈ, ಭುಜ, ಕೊನೆಗೆ ಗೋಡೆ ಮುಟ್ಟಿ ಗಡಿಯಾರದ ಕಡೆ ನೋಡಿ ಹಲ್ಲು ಕಚ್ಚುವುದು ಸಹಿತ. ಹುಡುಗರು ಚಪ್ಪಾಳೆ ತಟ್ಟಿದರು.

"ನೆಲದ ಮ್ಯಾಲ ನೀ ಚಾಂಪಿಯನ್ ಆದಿ" ಎಂದರು ಮೇಡಂ. "ಮಳಿಗಾಲದಾಗ ಜಿಲ್ಲಾ ಸ್ಪರ್ಧೆ ಐತಿ. ಬ್ಯಾಕ್‌ಸ್ಟ್ರೋಕಿಗೆ ನಮ್ಮ ಕಾಲೇಜಿಂದ ಯಾರೂ ಹೆಸರ ಕೊಡಂಗಿಲ್ಲ. ಈ ಸಲ ನಿಂದು ಕೊಡ್ತೇನಿ. ನೀರಾಗ ಮಾಡಿ ತೋರಸು. ತಿಳೀತಿಲ್ಲೋ?"

ಯಾರೂ ಹೆಸರು ಕೊಡದಿರುವುದಕ್ಕೆ ಕಾರಣವಿತ್ತು. ನಮ್ಮ ಕಡೆ ಈಜು ಬರದ ಹುಡುಗನನ್ನು ಹುಡುಕುವುದು ಕಷ್ಟ. ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಬಾವಿಗೆ ನೂಕಿದರೆ ವಾರದಲ್ಲಿ ಕಲಿಯುತ್ತಾನೆ. ಆಮೇಲೆ ಕಾಲುವೆ, ಧುಪದಾಳದ ಹಿನ್ನೀರು, ಎಲ್ಲ ಅವನದೇ. ಮೇಲಿಂದ ಜಿಗಿಯುತ್ತೇವೆ, ತಳ ಮುಟ್ಟಿ ರಾಡಿ ತಂದು ಸಾಕ್ಷಿ ತೋರಿಸುತ್ತೇವೆ. ಅಂಗಾತ ಮಾತ್ರ ಬೀಳುವುದಿಲ್ಲ. ನೀರಿನಲ್ಲಿ ಮೇಲ್ಮುಖವಾಗಿ ತೇಲುವುದು ಹೆಣ ಒಂದೇ ಎಂದು ಹಿರಿಯರು ಚಿಕ್ಕಂದಿನಲ್ಲೇ ತಲೆಗೆ ಮೊಟಕಿ ಹೇಳಿರುತ್ತಾರೆ. ತಪ್ಪಿ ಮಗ್ಗುಲಾದರೂ ದಂಡೆಯಿಂದ ಯಾರಾದರೂ ಹಳ್ಳು, ಅಂದರೆ ಸಣ್ಣ ಕಲ್ಲು, ಬೀಸುತ್ತಿದ್ದರು. ಹೀಗಾಗಿ ಇಡೀ ಮೂಡಲಗಿ ತಾಲೂಕಿನ ಬಾವಿಗಳಲ್ಲಿ ಆಕಾಶ ನೋಡುತ್ತ ಈಜಿದವರು ನನಗೆ ಗೊತ್ತಿದ್ದ ಹಾಗೆ ಯಾರೂ ಇರಲಿಲ್ಲ.

ಯಾರೂ ಮಾಡದ್ದು ಎಂದರೆ ನನಗೆ ಅಷ್ಟೇ ಸಾಕು. ಶಿವಪ್ಪ ಕಾಕಾನ ಬಾವಿ ಕಬ್ಬಿನ ಗದ್ದೆಯ ನಡುವೆ ಇತ್ತು. ಒಂದು ಬದಿಗೆ ಮೆಟ್ಟಿಲು, ಇನ್ನೊಂದು ಬದಿಗೆ ಮೋಟಾರಿನ ಪೈಪು, ಮೇಲೆ ಬಾಗಿದ ಜಾಲಿಯ ಟೊಂಗೆಯ ತುಂಬ ಗೀಜಗನ ಗೂಡು. ಕಾಲುವೆಯ ಬಸಿ ನೀರಿಳಿಯುವುದರಿಂದ ಕಡು ಬೇಸಿಗೆಯಲ್ಲೂ ತಳ ಕಾಣದು. ಜೊತೆಗೆ ಗೆಳೆಯ ಮಲ್ಲ್ಯಾ ಬಂದಿದ್ದ, ನಾನು ಮುಳುಗಿದರೆ ಎತ್ತಲು ಅಲ್ಲ, ನೋಡಿ ನಗಲು.

ಅವನಿಗೆ ಮೋಸವಾಗಲಿಲ್ಲ. ವಿಡಿಯೋದವನ ಕೈ ಇದ್ದದ್ದು ಇದ್ದ ಹಾಗೆ ತಂದೆ, ಮುಖ ತಂದೆ, ಹಲ್ಲು ಕಚ್ಚುವುದನ್ನೂ ತಂದೆ. ದೇಹ ಮಾತ್ರ ಹಾರೆಯಂತೆ ಕಾಲ ಕಡೆಯಿಂದ ಇಳಿಯಿತು. ಮೂಗಿಗೆ ನೀರು ನುಗ್ಗಿ ನೆತ್ತಿಯವರೆಗೆ ಉರಿ.

"ಲೇ" ಎಂದ ಮಲ್ಲ್ಯಾ, "ಮುಂದ ಹೊಂಟಿಯೋ ತಳಕ್ಕ ಹೊಂಟಿಯೋ, ಹೇಳಿ ಹೋಗಪಾ. ಮನ್ಯಾಗ ಕೇಳ್ತಾರ."

ಎಷ್ಟು ಸಲ ಮಾಡಿದರೂ ಅಷ್ಟೇ. ನನ್ನ ಜೀವನದಲ್ಲಿ ನಾನು ನಕಲು ಮಾಡಲಾಗದ ಮೊದಲ ಮನುಷ್ಯ ಆ ಈಜುಗಾರ. ಭಾನುವಾರ ಮೇಡಂ ಸ್ಕೂಟಿಯ ಮೇಲೆ ಬಂದು ಬಾವಿಯ ದಂಡೆಯಲ್ಲಿ ನಿಂತು ನೋಡಿದರು. ಅವರು ಹೇಳಿದ್ದು ಕೇಳಿ ನನಗೆ ಸಿಟ್ಟು ಬಂತು, ಯಾಕೆಂದರೆ ಅದು ಖರೇ ಇತ್ತು. ನನ್ನ ಕಣ್ಣು ಕಾಣುವುದನ್ನಷ್ಟೇ ಕದಿಯುತ್ತದಂತೆ. ಈ ಈಜಿನಲ್ಲಿ ಮೇಲೆ ಕಾಣುವ ಕೈ ಬರೀ ಶೋಕಿ, ಕೆಲಸವೆಲ್ಲ ನೀರಿನ ಕೆಳಗೆ ಆಗುತ್ತದಂತೆ. ಕೆಳಗೆ ಮೊಣಕೈ ಮಡಚಿ ನೀರನ್ನು ಪಾದದ ಕಡೆ ನೂಕಬೇಕು. ಕಾಲನ್ನು ಮೊಣಕಾಲಿನಿಂದ ಝಾಡಿಸದೆ ತೊಡೆಯ ಬುಡದಿಂದ ಆಡಿಸಬೇಕು. ನೀರು ಚಿಮ್ಮಬಾರದು, ಕುದಿ ಬಂದ ಎಸರಿನ ಹಾಗೆ ಬರೀ ಉಬ್ಬಬೇಕು. ಸೊಂಟ ಮೇಲೆ ಬರಬೇಕು. ನಾನೋ ಯಾರಾದರೂ ಚಹಾ ತಂದುಕೊಡುತ್ತಾರೆಂದು ಕುರ್ಚಿಯಲ್ಲಿ ಕೂತವನ ಹಾಗೆ ನೀರಿನಲ್ಲಿ ಕೂತಿದ್ದೆ.

ತಲೆ ನೆಟ್ಟಗಿರಲಿ ಎಂದು ಹಣೆಯ ಮೇಲೆ ನೀರು ತುಂಬಿದ ಬಟ್ಟಲು ಇಟ್ಟು ಈಜಲು ಹೇಳಿದರು. ನಾನು ಮಾತಿಗೊಮ್ಮೆ ತಲೆ ಆಡಿಸುವ ಜಾತಿ. ನಮ್ಮ ಮನೆಯ ಸ್ಟೀಲ್ ಬಟ್ಟಲುಗಳು ಒಂದೊಂದಾಗಿ ಬಾವಿಯ ತಳ ಸೇರಿದವು. ಅವ್ವ ಅಡುಗೆಮನೆಯಲ್ಲಿ ಬೆಕ್ಕಿಗೂ ಇಲಿಗೂ ಬೈಯುತ್ತಿದ್ದಳು. ಬಟ್ಟಲು ಕದಿಯುವ ಇಲಿಯನ್ನು ಎಲ್ಲಿ ನೋಡಿದಳೋ.

ಬಟ್ಟಲು ನಿಲ್ಲತೊಡಗಿದ ಮೇಲೆ ಮೇಡಂ ಇನ್ನೊಂದು ಕೊಟ್ಟರು: ಏನೂ ಮಾಡದೆ ಸುಮ್ಮನೆ ತೇಲುವುದು. ಕೈಕಾಲು ಆಡಿಸದೆ, ಎದೆಯನ್ನು ಸ್ವಲ್ಪ ಒತ್ತಿ, ಕಿವಿ ಎರಡೂ ನೀರಿನೊಳಗೆ ಬಿಟ್ಟು, ಸೊಂಟ ತಾನಾಗಿ ಏಳುವವರೆಗೆ ಕಾಯಬೇಕು. ಅದು ಬಂದರೆ ಉಳಿದದ್ದು ಬರುತ್ತದೆ ಎಂದರು. ಒಂದು ಮಧ್ಯಾಹ್ನ ಮಲ್ಲ್ಯಾ ಹುಣಸೆಕಾಯಿ ಕೆಡವಲು ಹೋಗಿದ್ದ. ನಾನೊಬ್ಬನೇ ಬಾವಿಯಲ್ಲಿದ್ದೆ. ಹಾಗೆ ಮಲಗಿದವನಿಗೆ ಇದ್ದಕ್ಕಿದ್ದಂತೆ ಸೊಂಟ ಹಗುರವಾಗಿ ಮೇಲೆ ಬಂತು. ಹೊಟ್ಟೆ, ಮೊಣಕಾಲು, ಹೆಬ್ಬೆರಳು ಎಲ್ಲ ಬಿಸಿಲಿಗೆ ಬಂದವು. ಕಿವಿಯಲ್ಲಿ ಬರೀ ನನ್ನ ಉಸಿರು. ಮೇಲೆ ಗೀಜಗದ ಗೂಡು ತೂಗುತ್ತಿತ್ತು. ಯಾರ ದನಿಯೂ ನನ್ನೊಳಗೆ ಇರಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ನಾನು ಯಾರ ಹಾಗೂ ಮಾಡುತ್ತಿರಲಿಲ್ಲ.

ಆ ಹೊತ್ತಿಗೇ ಹುಲ್ಲು ಕೊಯ್ಯಲು ಬಂದ ಗಂಗವ್ವ ಆಯಿ ಬಾವಿಯಲ್ಲಿ ಇಣುಕಿದಳು. ಅಂಗಾತ ಬಿದ್ದ ಮೈ, ತೆರೆದ ಕಣ್ಣು. ಕೂಗಿದಳಂತೆ, ಮತ್ತೆ ಕೂಗಿದಳಂತೆ. ನನ್ನ ಕಿವಿ ನೀರಿನಲ್ಲಿದ್ದವು. ಆಯಿ ಹುಲ್ಲಿನ ಹೊರೆ ಅಲ್ಲೇ ಚೆಲ್ಲಿ ಊರಿನ ಕಡೆ ಓಡಿದಳು.

ಗೂಡಿನ ಮೇಲೇ ಕಣ್ಣು ನೆಟ್ಟಿದ್ದ ನನಗೆ ಗೊತ್ತಾಗಿದ್ದು ಚಡ್ಡಿಗೆ ಏನೋ ಸಿಕ್ಕಿ ಎಳೆದಾಗ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಶಿವಪ್ಪ ಕಾಕಾ ಎಸೆದಿದ್ದ. ಅದರ ಒಂದು ಕೊಕ್ಕೆ ನನ್ನ ಚಡ್ಡಿಯನ್ನು ಹಿಡಿದಿತ್ತು. ಗಾಬರಿಯಾಗಿ ನಾನು ಎದ್ದು ಕೂಗಿದೆ. ಹೆಣ ಕೂಗಿದ್ದು ಕೇಳಿ ಹಗ್ಗ ಹಿಡಿದಿದ್ದ ಇಬ್ಬರು ಕೈ ಬಿಟ್ಟು ಹಿಂದೆ ಬಿದ್ದರು. ದಂಡೆಯ ತುಂಬ ಊರು ನಿಂತಿತ್ತು. ಆ ಜನರ ನಡುವೆ ಅವ್ವ ಬಂದಳು. ಕಾಲಲ್ಲಿ ಚಪ್ಪಲಿ ಇಲ್ಲ, ಸೆರಗು ನೆಲಕ್ಕೆ.

ಕಲಿಯುತ್ತಿದ್ದೆ ಎಂದು ಹೇಳಿದೆ. ನಾಟಕವಲ್ಲ ಎಂದೆ. ಬಸವಣ್ಣನ ಆಣೆ ಇಟ್ಟೆ. ಯಾರು ನಂಬುತ್ತಾರೆ?

"ಊರಾಗ ಇದ್ದವರದೆಲ್ಲಾ ನಕಲ ಮಾಡಿ ಮುಗಿಸಿದಿ" ಎಂದ ಕಾಕಾ. "ಈಗ ಸತ್ತವರದು ಸುರು ಮಾಡಿದೇನು? ನಿಂದು ಒಂದರೆ ಖರೇ ಐತೇನಲೇ?"

ಸಂಜೆಯೊಳಗೆ ಬಾವಿಯ ಮೆಟ್ಟಿಲಿಗೆ ಜಾಲಿಕಂಟಿ ಬಿತ್ತು, ನನಗೆ ಹೆಣ ಎಂಬ ಹೆಸರೂ ಬಿತ್ತು. ಬಸ್ಸಿನಲ್ಲಿ ಕಂಡಕ್ಟರನೇ ನನ್ನ ನಕಲು ಮಾಡತೊಡಗಿದ, ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಗೆ ಹಾಕಿ. ಕೆಟ್ಟದಾಗಿ ಮಾಡುತ್ತಿದ್ದ. ನನ್ನ ನೂರು ನಾಟಕಕ್ಕೆ ಚಪ್ಪಾಳೆ ತಟ್ಟಿದ ಊರು, ನಾನು ಮಾಡದ ಒಂದೇ ನಾಟಕಕ್ಕೆ ಶಿಕ್ಷೆ ಕೊಟ್ಟಿತು. ಅವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿದೆ: ಮಳೆಗಾಲದಲ್ಲಿ ಆ ಸ್ಪರ್ಧೆಗೆ ಹೋಗುತ್ತೇನೆ, ಹೆಣದ ಈಜನ್ನೇ ಈಜುತ್ತೇನೆ, ಅದೊಂದು ಖರೇ ಇತ್ತೆಂದು ಇವರ ಬಾಯಿಂದಲೇ ಅನ್ನಿಸುತ್ತೇನೆ.

ಊರನ್ನು ಎದುರು ಹಾಕಿಕೊಳ್ಳುವುದು ಸುಲಭ. ಅವ್ವನದು ಬೇರೆ. ಅವಳು ಬೈಯಲಿಲ್ಲ, ಮಾತೇ ಬಿಟ್ಟಳು. ರೊಟ್ಟಿ ಬಡಿದು ತಾಟಿಗೆ ಹಾಕಿ ಮುಖ ತಿರುಗಿಸುತ್ತಿದ್ದಳು. ಕೊನೆಗೆ ಒಂದು ಮುಂಜಾನೆ ಒಲೆಯ ಮುಂದೆ ಕೂತು ತಾನಾಗಿ ಹೇಳಿದಳು. ಅವಳ ತವರು ಗೋಕಾಕದಲ್ಲಿ, ಹೊಳೆಯ ದಂಡೆಗೆ. ಮಹಾಪೂರ ಬಂದ ವರ್ಷ ಅವಳು ಅಲ್ಲೇ ಇದ್ದಳು. ಮಂದಿಯೆಲ್ಲ ಮಾಳಿಗೆ ಹತ್ತಿ ಉಳಿದರು. ದನದ ಮನೆಯ ಹಗ್ಗ ಬಿಚ್ಚಲು ಆಗಲಿಲ್ಲ. ಕರುವಿದ್ದಾಗಿನಿಂದ ಅವಳೇ ಸಾಕಿದ ಎಮ್ಮೆ ಗೋಡೆ ಬಿದ್ದ ಮೇಲೆ ನೀರಿನ ಜೊತೆ ಹೋಯಿತು.

"ಹೊಟ್ಟಿ ಮ್ಯಾಲ ಆಗಿತ್ತು" ಎಂದಳು ಅವ್ವ. "ಕಣ್ಣ ತೆರದಿತ್ತು. ನೀನೂ ಅವತ್ತ ಹಂಗ ನೋಡಾಕತ್ತಿದ್ದಿ, ಮ್ಯಾಲ. ನನಗ ಅದನ್ನ ಇನ್ನೊಮ್ಮಿ ತೋರಸಬ್ಯಾಡ."

ನಾನು ಯಾವಾಗಲೂ ಇಂಥ ಹೊತ್ತಿನಲ್ಲಿ ಯಾರದೋ ದನಿ ತೆಗೆದು ನಗಿಸಿ ಪಾರಾಗುವವನು. ಅವತ್ತು ಯಾರ ದನಿಯೂ ಬಾಯಿಗೆ ಬರಲಿಲ್ಲ. ನನ್ನದೇ ಹೊರಬಿತ್ತು. ಅದು ಇಷ್ಟು ಸಣ್ಣಗಿದೆಯೆಂದು ನನಗೆ ಗೊತ್ತಿರಲಿಲ್ಲ. "ಬಿಡೂದಿಲ್ಲವ್ವಾ. ನನಗ ಇದೊಂದು ಬೇಕು" ಎಂದೆ.

ಅವ್ವ ಸುಟ್ಟ ರೊಟ್ಟಿಯನ್ನೇ ನನ್ನ ತಾಟಿಗೆ ಹಾಕಿದಳು.

ಮುಂದಿನ ಭಾನುವಾರ ಮೇಡಂ ಬಾವಿಗೆ ಹೋಗಿ ಕಂಟಿ ನೋಡಿ ನೇರ ಮನೆಗೇ ಬಂದರು. ಅವ್ವ ಚಹಾ ಕೊಟ್ಟಳು, ಮರ್ಯಾದೆ ಕೊಟ್ಟಳು, ಆಮೇಲೆ ಕೇಳಿದಳು: "ಅಲ್ರಿ ಬಾಯಾರ, ಹೊಟ್ಟಿ ಮ್ಯಾಲ ಮಾಡಿ ಈಸ ಬೀಳಂತ ಯಾರರ ಕಲಸ್ತಾರೇನ್ರಿ?"

ಮೇಡಂ ವಾದ ಮಾಡಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ಪಡಸಾಲೆಯ ಚಾಪೆಯ ಮೇಲೆ ಅಂಗಾತ ಮಲಗಿಬಿಟ್ಟರು. ಮಲಗಿಕೊಂಡೇ ಬಲಗೈ ಎತ್ತಿದರು, ಹೆಬ್ಬೆರಳು ಮೊದಲು. ಅದು ಕಿವಿಯ ಪಕ್ಕದಿಂದ ಕಿರುಬೆರಳು ಮುಂದಾಗಿ ಇಳಿಯುವಷ್ಟರಲ್ಲಿ ಎಡಗೈ ಎದ್ದಿತು.

"ನೋಡ್ರಿ, ಒಂದ ಕೈ ನೀರಾಗ ಇದ್ದಾಗ ಇನ್ನೊಂದು ಮ್ಯಾಲ ಇರಬೇಕು" ಎಂದರು ಮಲಗಿದಲ್ಲಿಂದಲೇ. "ಎರಡೂ ನಿಲ್ಲೂವಂಗಿಲ್ಲ. ನಿಮ್ಮ ಎಮ್ಮಿ ಕಾಲ ಆಡಸಲಿಲ್ಲ. ಇವ ಕೈ ಎತ್ತತಾನ. ಹೆಣಾ ಕೈ ಎತ್ತಂಗಿಲ್ರಿ."

ಎಮ್ಮೆಯ ವಿಷಯ ಮೇಡಂಗೆ ಹೇಳಿದ್ದು ನಾನೇ. ಅವ್ವ ನನ್ನನ್ನು ಒಮ್ಮೆ ನೋಡಿದಳು. ಚಹಾದ ಕಪ್ಪು ಎತ್ತಿಕೊಂಡು, "ಹಂಗಾರ ನಾನು ಬಂದು ದಂಡಿಗೆ ಕುಂದ್ರತೇನಿ" ಎಂದಳು. "ಕೈ ಮ್ಯಾಲ ಬರೂದು ನಿಂತ್ರ ಜಿಗೀತೇನಿ. ನನಗ ಈಸಾಕ ಬರೂದಿಲ್ಲ. ಅದನ್ನ ನೆಪ್ಪಿಟ್ಟಕೊಂಡ ಈಸು."

ಕಾಕಾ ಕಂಟಿ ತೆಗೆದ, ತನ್ನದೊಂದು ಷರತ್ತು ಸೇರಿಸಿ. ಸ್ಪರ್ಧೆಗೆ ತಾನೂ ಬರುತ್ತಾನಂತೆ. ಅಲ್ಲಿಯೂ ಇದು ನಾಟಕವೆಂದು ಗೊತ್ತಾದರೆ ಮೆಟ್ಟಿಲಿಗೆ ಕಂಟಿಯಲ್ಲ, ಕಲ್ಲು ಹಾಕಿ ಮುಚ್ಚುತ್ತಾನಂತೆ. ಹಾಕು ಎಂದೆ, ಅವನದೇ ದನಿಯಲ್ಲಿ ಕೆಮ್ಮಿ. ಓಡಿಸಿಕೊಂಡು ಬಂದ.

ಅಲ್ಲಿಂದ ಆ ಬೇಸಿಗೆ ನಿಜವಾಗಿ ಶುರುವಾಯಿತು. ಮುಂಜಾನೆ ಬಿಸಿಲೇರುವ ಮುಂಚೆ ಅವ್ವ ಮೊರದಲ್ಲಿ ಜೋಳ ಹಿಡಿದು ದಂಡೆಗೆ ಬಂದು ಕೂರುತ್ತಿದ್ದಳು. ಪಕ್ಕದಲ್ಲಿ ಹಳ್ಳಿನ ಗುಡ್ಡೆ. ನನ್ನ ಮುಖ ನೋಡುತ್ತಿರಲಿಲ್ಲ, ಹೊಟ್ಟೆ ನೋಡುತ್ತಿರಲಿಲ್ಲ, ಕೈ ಮಾತ್ರ. ನನಗೊಂದು ಕೆಟ್ಟ ಚಾಳಿಯಿತ್ತು. ನೀರು ನೂಕಿ ಮುಗಿದ ಮೇಲೆ ಕೈಯನ್ನು ತೊಡೆಯ ಹತ್ತಿರ ಒಂದು ಕ್ಷಣ ಹಾಗೇ ಬಿಟ್ಟು ವಿಶ್ರಾಂತಿ ಕೊಡುತ್ತಿದ್ದೆ. ಅಷ್ಟರಲ್ಲಿ ವೇಗ ಸತ್ತು, ಸೊಂಟ ಕುಸಿದು, ಮುಂದಿನ ಎಳೆತಕ್ಕೆ ಎರಡರಷ್ಟು ಶಕ್ತಿ ಬೇಕಾಗುತ್ತಿತ್ತು. ಮೇಡಂ ಹೇಳಿ ಹೇಳಿ ಸೀಟಿಯ ದಾರ ಹರಿದಿದ್ದರು. ಅವ್ವನಿಗೆ ವೇಗ, ಸೊಂಟ ಏನೂ ಗೊತ್ತಿಲ್ಲ. ಕೈ ಬರುವುದು ತಡವಾಯಿತೋ, ಹೊಟ್ಟೆಯ ಮೇಲೆ ಒಂದು ಹಳ್ಳು. ಕಿವಿ ನೀರಿನಲ್ಲಿದ್ದವನಿಗೆ ಬೈಗುಳ ಮುಟ್ಟುವುದಿಲ್ಲ, ಹಳ್ಳು ಮುಟ್ಟುತ್ತದೆ. ಅವಳ ಗುರಿಯೂ ದಿನದಿನಕ್ಕೆ ಸುಧಾರಿಸುತ್ತಿತ್ತು. ಮೇ ಮುಗಿಯುವ ಹೊತ್ತಿಗೆ ನನ್ನ ಕೈ ಹಿಟ್ಟಿನ ಗಿರಣಿಯ ಪಟ್ಟೆಯ ಹಾಗೆ ನಿಲ್ಲದೆ ತಿರುಗುತ್ತಿದ್ದವು. ಭುಜ ತಾನಾಗಿ ಒಂದರ ಹಿಂದೊಂದು ಏಳುತ್ತಿತ್ತು. ಬಾವಿ ದಾಟಲು ಮೊದಲಿನ ಅರ್ಧದಷ್ಟು ಕೈ ಹೊಡೆದರೆ ಸಾಕಾಗುತ್ತಿತ್ತು. ಹೀಗೆ ಈಜಿನ ಗಂಧವೇ ಇಲ್ಲದ ನನ್ನ ತಾಯಿ, ತನ್ನ ಹೆದರಿಕೆಯೊಂದನ್ನೇ ಹಿಡಿದುಕೊಂಡು, ನನ್ನ ಚಾಳಿ ಬಿಡಿಸಿದಳು. ಅವಳಿಗೆ ಇದನ್ನು ಹೇಳಿದರೆ ಇವತ್ತಿಗೂ ಹಳ್ಳು ಹುಡುಕುತ್ತಾಳೆ.

ಅಷ್ಟಾದ ಮೇಲೆ ಸೊಕ್ಕು ಬಂತು. ಅದನ್ನು ಇಳಿಸಲೆಂದೇ ಮೇಡಂ ನನ್ನನ್ನು ಹುಕ್ಕೇರಿ ಕಡೆಯ ಒಂದು ವಸತಿ ಶಾಲೆಯ ಈಜುಕೊಳಕ್ಕೆ ಕರೆದೊಯ್ದರು. ಸ್ಪರ್ಧೆ ನಡೆಯುವುದೂ ಅಲ್ಲೇ ಇತ್ತು. ಗೇಟಿನಲ್ಲೇ ಬ್ಲೀಚಿಂಗ್ ಪೌಡರಿನ ವಾಸನೆ. ತಲೆಗೆ ರಬ್ಬರ್ ಟೋಪಿ, ಕಣ್ಣಿಗೆ ಕನ್ನಡಕ ಹಾಕಿದ ಹುಡುಗರು ಕಪ್ಪೆಗಳ ಹಾಗೆ ದಂಡೆಯ ಮೇಲೆ ಸಾಲಾಗಿ ಕೂತಿದ್ದರು. ಅವರಲ್ಲಿ ಎತ್ತರದವನೊಬ್ಬ ನನ್ನ ಚಡ್ಡಿ ನೋಡಿ, ನಿಮ್ಮ ಬಾವಿಯಲ್ಲಿ ಲೇನ್ ಇರುತ್ತವೆಯೇ ಎಂದು ಕೇಳಿದ. ಇರುತ್ತವೆ, ನೀರುಹಾವಿಗೆ ಒಂದು, ಆಮೆಗೆ ಒಂದು, ಉಳಿದದ್ದು ನನಗೆ ಎಂದೆ. ಅವನ ಹಲ್ಲು ಕಾಣುವ ಮೊದಲೇ ನೀರಿಗಿಳಿದೆ.

ಹತ್ತು ಕೈ ಹೊಡೆಯುವಷ್ಟರಲ್ಲಿ ಪಕ್ಕದ ಹಗ್ಗಕ್ಕೆ ತಲೆ ಬಡಿಯಿತು. ಸರಿಮಾಡಿಕೊಂಡು ಹೊರಟೆ, ಮತ್ತೆ ಅದೇ ಹಗ್ಗ, ಅದೇ ಬದಿ. ಎತ್ತರದ ಹುಡುಗ ಈಗ ಮನಸಾರೆ ನಕ್ಕ. ದುಂಡು ಬಾವಿಯಲ್ಲಿ ದಿನಾ ತಿರುಗಿ ತಿರುಗಿ ನನ್ನ ಬಲಗೈ ಜೋರು, ಎಡಗೈ ಮೆತ್ತಗೆ ಆಗಿಬಿಟ್ಟಿತ್ತು. ನೆಟ್ಟಗೆ ಹೋಗಲು ನನಗೆ ಬರುತ್ತಲೇ ಇರಲಿಲ್ಲ. ನಮ್ಮ ಹಿಂದಿನವರು ಗಾಣಕ್ಕೆ ಕಟ್ಟುತ್ತಿದ್ದ ಎತ್ತನ್ನು ಹೊಲಕ್ಕೆ ಹೂಡಿದರೆ ಅದು ಸಾಲು ಬಿಟ್ಟು ಸುತ್ತಲು ನೋಡುತ್ತದಲ್ಲ, ಹಾಗೆ.

ಬರುವಾಗ ಸ್ಕೂಟಿಯ ಹಿಂದೆ ಕೂತು ನಾನು ಒಬ್ಬರದೂ ನಕಲು ಮಾಡಲಿಲ್ಲ. ಮೇಡಂಗೆ ಹೆದರಿಕೆಯಾಗಿ, ಆರಾಮ ಇದ್ದೀಯೇನು ಎಂದು ಎರಡು ಸಲ ಕೇಳಿದರು.

ಹಾದಿ ಹುಡುಕಿಕೊಟ್ಟದ್ದು ಮಲ್ಲ್ಯಾ ಮತ್ತು ಅವ್ವ. ಆಕಾಶ ನೋಡಿ ಈಜುವವನಿಗೆ ಗೆರೆ ಆಕಾಶದಲ್ಲೇ ಬೇಕು ಎಂದು ಮಲ್ಲ್ಯಾ ಹೇಳಿದ. ಅವ್ವ ಟ್ರಂಕಿನಿಂದ ಒಂದು ಹಳೆಯ ಇಳಕಲ್ ಸೀರೆ ತೆಗೆದಳು. ಅದರ ಕೆಂಪು ಅಂಚನ್ನು ಹರಿದು ಗಂಟು ಹಾಕಿ, ಜಾಲಿಯ ಬುಡದಿಂದ ಮೋಟಾರಿನ ಕಂಬದವರೆಗೆ ಬಾವಿಯ ಮೇಲೆ ಉದ್ದಕ್ಕೆ ಕಟ್ಟಿದೆವು. ಇನ್ನೊಂದು ತುಂಡನ್ನು ಗೋಡೆಗೆ ಸ್ವಲ್ಪ ಮುಂಚೆ ಅಡ್ಡಕ್ಕೆ ಕಟ್ಟಿದೆವು, ಅದು ಕಂಡರೆ ಗೋಡೆ ಬಂತೆಂದು ತಿಳಿಯಲು. ಆ ಕೆಂಪು ಗೆರೆ ಎರಡು ಕಣ್ಣಿನ ನಡುವೆ ಇರಬೇಕು, ಅಷ್ಟೇ. ಮೊದಮೊದಲು ಗೆರೆ ಹಾವಿನ ಹಾಗೆ ಅತ್ತಿತ್ತ ಹರಿಯಿತು. ಎಡಗೈಯನ್ನು ಕೂಲಿಗೆ ಬಂದವನಂತೆ ದುಡಿಸಿದೆ. ಜೂನ್‌ನಲ್ಲಿ ಮೊದಲ ಮೋಡ ಬಂದು ನಿಂತಾಗ ಗೆರೆಯೂ ನಿಂತಿತು.

ಸ್ಪರ್ಧೆಯ ದಿನ ಮಳೆ ಹಿಡಿದಿತ್ತು. ಕಾಕಾನ ಟೆಂಪೋದಲ್ಲಿ ಅರ್ಧ ಓಣಿ ಹೊರಟಿತು, ನನ್ನ ಗೆಲುವು ನೋಡಲೆಂದಲ್ಲ, ಹೆಣ ಹೇಗೆ ಈಜುತ್ತದೆಂದು ನೋಡಲು. ಗಂಗವ್ವ ಆಯಿಯೂ ಬಂದಿದ್ದಳು. ಅವ್ವ ಕೊಳದ ಕಡೆ ಬೆನ್ನು ಮಾಡಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಬಾವಿಯಲ್ಲಾದರೆ ಅವಳು ಕೈಗೆ ಸಿಗುವಷ್ಟು ಹತ್ತಿರ, ಕೈಯಲ್ಲಿ ಹಳ್ಳು. ಇಲ್ಲಿ ಇಷ್ಟು ದೂರದಿಂದ, ಬರಿಗೈಲಿ ನೋಡಲಾರೆ ಎಂದಳು. ಮಲ್ಲ್ಯಾನನ್ನು ಎದುರಿಗೆ ನಿಲ್ಲಿಸಿಕೊಂಡು, ನೋಡಿ ಹೇಳುವ ಕೆಲಸ ಕೊಟ್ಟಳು.

ಹಿಡಿಕೆ ಹಿಡಿದು, ಗೋಡೆಗೆ ಪಾದ ಒತ್ತಿ ಕೂತಾಗ ಪಕ್ಕದ ಲೇನಿನಲ್ಲಿ ಅದೇ ಎತ್ತರದ ಹುಡುಗ. ಸೀಟಿ ಊದಿದರು. ಹಿಂದಕ್ಕೆ ಹಾರಿ ನೀರಿಗೆ ಬಿದ್ದು ಮೇಲೆದ್ದಾಗ ಮಳೆ ನೇರ ಮುಖಕ್ಕೆ ಹೊಡೆಯಿತು. ಪಕ್ಕದವನು ತಲೆ ಆ ಕಡೆ ಈ ಕಡೆ ಹೊರಳಿಸುವುದು ನೀರಿನ ಅಲುಗಾಟದಲ್ಲೇ ತಿಳಿಯಿತು. ನಾನು ಹೊರಳಿಸಲಿಲ್ಲ. ಬೇಸಿಗೆಯೆಲ್ಲ ಅವ್ವನ ಹಳ್ಳು ತಿಂದವನಿಗೆ ಮಳೆಹನಿ ಯಾವ ಲೆಕ್ಕ? ಮೇಲೆ ಗೂಡಿಲ್ಲ, ಕೆಂಪು ಗೆರೆಯಿಲ್ಲ, ಬರೀ ಬೂದು ಮೋಡ. ಆದರೂ ಗೆರೆ ನನ್ನ ಎರಡು ಕಣ್ಣಿನ ನಡುವೆ ಇತ್ತು. ಹಗ್ಗ ನನ್ನನ್ನು ಮುಟ್ಟಲಿಲ್ಲ.

ದಂಡೆಯ ಮೇಲೆ ಆದದ್ದನ್ನು ಆಮೇಲೆ ಮಲ್ಲ್ಯಾ ಹೇಳಿದ. ಮೊದಲು ನಮ್ಮವರು ಬಾಯಿ ಮುಚ್ಚಿ ನಿಂತಿದ್ದರಂತೆ. ಅರ್ಧ ದಾರಿಯಲ್ಲಿ ನಾನು ಎರಡನೆಯವನಾಗಿ ಬರುತ್ತಿರುವುದು ಕಂಡಾಗ ಕಾಕಾ ಕೆಮ್ಮು ಮರೆತು ಕೂಗಿದನಂತೆ: "ಏ ಹೆಣಾ, ಹೊಡಿಯಲೇ!" ಅಷ್ಟು ಸಾಕಾಯಿತು. ಇಡೀ ಟೆಂಪೋ ಹೆಣಾ ಹೆಣಾ ಎಂದು ಲಯ ಹಿಡಿಯಿತು. ಉಳಿದ ಊರುಗಳಿಂದ ಬಂದ ತಂದೆತಾಯಿಗಳು ಯಾರೋ ಮುಳುಗಿದ್ದಾರೆಂದು ಎದ್ದು ನಿಂತರು. ಒಬ್ಬ ಮೇಷ್ಟ್ರು ಹಗ್ಗ ಹುಡುಕಿದರು. ಅವ್ವ ಗೋಡೆ ನೋಡುತ್ತಲೇ, "ಕೈ ಬರಾಕತ್ತಾವೇನೋ?" ಎಂದು ಕೇಳಿದಳಂತೆ.

"ಬರಾಕತ್ತಾವ ಕಾಕಿ."

"ಎರಡೂ?"

"ಒಂದ ಆದ ಮ್ಯಾಲ ಒಂದು. ತಿರಗಿ ನೋಡವಾ."

ಅವಳು ತಿರುಗಿದಳಂತೆ.

ಎತ್ತರದ ಹುಡುಗ ಗೆದ್ದ. ಮುಂದಿನ ಹಂತಕ್ಕೆ ಅವನೇ ಹೋದ. ನಾನು ಎರಡನೆಯವನು, ಅವನಿಗಿಂತ ಒಂದು ಕೈ ಹಿಂದೆ. ಬೇಜಾರಾಯಿತೇ ಎಂದು ಕೇಳುತ್ತಾರೆ. ಆಯಿತು. ಆದರೆ ನೀರಿನಿಂದ ತಲೆ ಎತ್ತಿದಾಗ ಕಾಕಾ ಗಡಿಯಾರ ಹಿಡಿದವರ ಹತ್ತಿರ ನಿಂತು, ನಮ್ಮ ಹುಡುಗನ ಬೆರಳು ಮೊದಲು ಮುಟ್ಟಿದೆ, ನಿಮ್ಮ ಗಡಿಯಾರ ತಡ ಐತಿ, ಇಂಥದ್ದನ್ನು ಯಾರಾದರೂ ಸುಳ್ಳು ಮಾಡಲಿಕ್ಕೆ ಆಗುತ್ತದೇನ್ರಿ ಎಂದು ಜಗಳಾಡುತ್ತಿದ್ದ. ಆ ಮಾತಿಗೆ ನಾನು ಮೂರು ತಿಂಗಳು ಬೆನ್ನ ಮೇಲೆ ಮಲಗಿದ್ದೆ. ಅವನ ಬಾಯಿಂದಲೇ ಬಂತು. ವಾಪಸು ಬರುವಾಗ ಟೆಂಪೋದಲ್ಲಿ ಯಾರೋ ಇನ್ನು ಮೇಲೆ ಇವನನ್ನು ಬಸವರಾಜ ಎನ್ನೋಣ ಎಂದರು. ಬೇಡ ಎಂದೆ. ಬಸವರಾಜ ಏನು ಮಾಡಿದ್ದಾನೆ? ಈಜಿದ್ದು ಹೆಣ.

ಮಳೆ ಬಿಟ್ಟು ಬಿಸಿಲು ಬಿದ್ದ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅವ್ವ ಹಳ್ಳಿನ ಗುಡ್ಡೆಯಿಲ್ಲದೆ, ಮೊರವಿಲ್ಲದೆ ಬಾವಿಗೆ ನಡೆ ಎಂದಳು. ನಡೆದೆ. ಮೆಟ್ಟಿಲ ಮೇಲೆ ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿಕೊಂಡಳು.

"ಆ ಎಮ್ಮಿ ಏನ್ ನೋಡಾಕತ್ತಿತ್ತು, ನಾನೂ ಒಮ್ಮಿ ನೋಡತೇನಿ" ಎಂದಳು. "ತೋರಸು."

ನಾನು ಅವಳ ಸೊಂಟಕ್ಕೆ ಎಣ್ಣೆ ಕ್ಯಾನು ಕಟ್ಟಿದೆ. ನೀರಿನೊಳಗಿನ ಮೆಟ್ಟಿಲ ಮೇಲೆ ನಿಂತು, ಕತ್ತಿನ ಕೆಳಗೆ ಒಂದು ಕೈ, ಬೆನ್ನಿನ ಕೆಳಗೆ ಒಂದು ಕೈ ಕೊಟ್ಟು ಮಲಗಿಸಿದೆ. ಕಲ್ಲಿನ ಹಾಗೆ ಬಿಗಿದಿದ್ದಳು. ಕಿವಿಗೆ ನೀರು ಹೊಕ್ಕಾಗ ನನ್ನ ರಟ್ಟೆಗೆ ಉಗುರು ನೆಟ್ಟಳು. ಎದೆ ಒತ್ತು ಎಂದೆ, ಅವಳಿಗೆ ಕೇಳಿಸಲಿಲ್ಲ. ಬೆರಳಿನಿಂದ ತೋರಿಸಿದೆ. ಸ್ವಲ್ಪ ಹೊತ್ತಿಗೆ ಉಗುರು ಸಡಿಲಾದವು. ಮೊದಲು ಸೊಂಟ ಎದ್ದಿತು, ಆಮೇಲೆ ಬೆಳ್ಳಿಯ ಕಾಲುಂಗುರ ಬಿಸಿಲಿಗೆ ಬಂದವು. ನಾನು ಒಂದು ಕೈ ತೆಗೆದೆ, ಇನ್ನೊಂದನ್ನೂ ತೆಗೆದು ಮಾರು ದೂರ ಸರಿದು ನಿಂತೆ. ಅವ್ವ ಕಣ್ಣು ತೆರೆದು ಗೀಜಗದ ಗೂಡುಗಳನ್ನು ನೋಡುತ್ತಿದ್ದಳು.

ಮೇಲೆ ಹುಲ್ಲಿನ ಸಪ್ಪಳವಾಯಿತು. ಗಂಗವ್ವ ಆಯಿ ಹೊರೆ ಹೊತ್ತು ದಂಡೆಗೆ ಬಂದು ಇಣುಕಿದಳು. ಮೆಟ್ಟಿಲ ನೆರಳಿನಲ್ಲಿದ್ದ ನಾನು ಅವಳಿಗೆ ಕಾಣಲಿಲ್ಲ. ಕಂಡದ್ದು ಅಂಗಾತ ಬಿದ್ದ ನನ್ನ ಅವ್ವ. ಹೊರೆ ಕೆಳಗೆ ಬಿತ್ತು. ಆಯಿ ಎದೆ ಬಡಿದುಕೊಂಡು ಕೂಗತೊಡಗಿದಳು, ನಾನು ಇಷ್ಟು ವರ್ಷ ನಕಲು ಮಾಡಿದ ಅದೇ ರಾಗದಲ್ಲಿ.

ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ನಾನು ಹೇಳಲಿಲ್ಲ. ಅವ್ವನ ಕಿವಿ ನೀರಿನಲ್ಲಿದ್ದವು, ಊರಿನ ಯಾವ ಕೂಗೂ ಅವಳಿಗೆ ಮುಟ್ಟುತ್ತಿರಲಿಲ್ಲ, ಅದನ್ನು ಕೆಡಿಸುವವನು ನಾನ್ಯಾಕೆ ಆಗಲಿ. ಆಗ, ಯಾರೂ ಹೇಳದೆ, ಯಾರಿಗೂ ತೋರಿಸಲೆಂದಲ್ಲದೆ, ಅವ್ವನ ಬಲಗೈ ನೀರಿನಿಂದ ಮೇಲೆದ್ದಿತು, ಹೆಬ್ಬೆರಳು ಮೊದಲು. ಅದು ಕಿವಿಯ ಪಕ್ಕದಿಂದ ಇಳಿಯುವಷ್ಟರಲ್ಲಿ ಎಡಗೈ ಎದ್ದಿತು.